ಕಾಲು ಮುಂದಾಗಿ ಹುಟ್ಟಿದವಳು

ಕರಬಸಪ್ಪ ಸಿದ್ದವ್ವನ ಪಡಸಾಲೆಯಲ್ಲಿ ಬೋರಲು ಮಲಗಿ, “ಒದಿಬೇ ಯವ್ವಾ,” ಎಂದ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲ ಅವನು. ಸಿದ್ದವ್ವ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಒದ್ದರೆ ಸೊಂಟದ ಹಿಡಿತ ಬಿಡುತ್ತದೆಂದು ಜನ ನಲವತ್ತು ವರ್ಷಗಳಿಂದ ಅವಳ ಬಾಗಿಲಿಗೆ ಬರುತ್ತಿದ್ದರು.

“ಡಿಸ್ಕ್ ಜಾರಿ ನರ ಒತ್ತೇತಿ, ಯಾರ ಕಡೆನೂ ಒತ್ತಿಸ್ಕೋಬ್ಯಾಡ ಅಂದಾರ ಹಾವೇರಿ ಡಾಕ್ಟರು. ಅವರಿಗೇನು ಗೊತ್ತು? ನಿನ್ನೆತನಕ ಕಾಲಿನ ನೋವಿಗೆ ಒದ್ದಾಡೇನಿ. ಇವತ್ತ ಮುಂಜಾನೆಯಿಂದ ನೋವೇ ಇಲ್ಲ. ನೀ ಒಂದ್ ಸಲ ಒದ್ದರ ಪೂರಾ ಆರಾಮ.”

ಸಿದ್ದವ್ವ ಗೋಡೆ ಹಿಡಿದು ಬಲಗಾಲು ಎತ್ತಿದಳು. ಆಗ ಕಂಡಿತು. ಬಾಗಿಲಿನಿಂದ ಅವನು ಮಲಗಿದಲ್ಲಿಯವರೆಗೆ, ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ, ನೆಲದ ಮೇಲೆ ರಕ್ತ. ಅವನ ಎಡಗಾಲಿನ ಹಿಮ್ಮಡಿಯಲ್ಲಿ ದಪ್ಪ ಮೊಳೆಯೊಂದು ಆಳಕ್ಕೆ ಹೊಕ್ಕಿತ್ತು. ಎತ್ತಿದ ಕಾಲನ್ನು ಅವಳು ಮೆಲ್ಲಗೆ ನೆಲಕ್ಕಿಟ್ಟು ಕುಳಿತಳು. ಮೊಳೆಯನ್ನು ಹಿಡಿದು ಎಳೆದಳು. ಬರಲಿಲ್ಲ. ಅಲುಗಾಡಿಸಿ, ಬಲ ಹಾಕಿ ಕಿತ್ತಳು. ಕರಬಸಪ್ಪ ತಣ್ಣಗೆ ಮಲಗಿಯೇ ಇದ್ದ.

“ಯಾಕ ತಡಾ ಮಾಡ್ತಿ ಯವ್ವಾ? ನಾಳೆ ಲೋಡ್ ಐತಿ. ಲಗೂ ಒದಿ,” ಎಂದ.

ಸಿದ್ದವ್ವ ಒಳಮನೆಯ ಕಡೆ ತಿರುಗಿದಳು. “ಸುರೇಖಾ, ಆಟೋ ಕರಿ! ಇವನ್ನ ಈಗಿಂದೀಗ ದವಾಖಾನಿಗೆ ಒಯ್ಯಬೇಕು,” ಎಂದು ಸೊಸೆಯನ್ನು ಕೂಗಿದಳು. ಆಮೇಲೆ ರಕ್ತ ಹತ್ತಿದ ಮೊಳೆಯನ್ನು ಅವನ ಮುಖದ ಮುಂದೆ ಹಿಡಿದಳು.

ಕರಬಸಪ್ಪ ಕತ್ತೆತ್ತಿ ನೋಡಿದ.

“ಅಯ್ಯ, ಇದು ಯಾರಿಗೆ ನಟ್ಟಿತ್ತಬೇ?” ಎಂದು ಕೇಳಿದ.