ಗುಂಡಿ ಯಾವ ಕಡೆ

"ಹೆಂಗಸರು," ಎಂದರು ದರ್ಜಿ.

ಡಾಕ್ಟರಮ್ಮನ ಪೆನ್ನು ನಿಂತಿತು. ಮೇಜಿನ ಮೇಲಿದ್ದದ್ದು ಹತ್ತನೆಯ, ಕೊನೆಯ ಚಿತ್ರ: ತುಂಬುತೋಳಿನ ಬಿಳಿ ಅಂಗಿ. ಇದನ್ನು ಯಾರು ತೊಡುತ್ತಾರೆ ಎಂಬುದು ಪ್ರಶ್ನೆ. ಗಂಡಸರು ಎಂಬುದು ಉತ್ತರ. ಲಕ್ವ ಹೊಡೆದು ಮಾತು ಬಿದ್ದುಹೋದವರಿಗಾಗಿ ಆ ಆಸ್ಪತ್ರೆಯಲ್ಲಿ ಸಂಶೋಧನೆ ನಡೆಯುತ್ತಿತ್ತು. ಹತ್ತರಲ್ಲಿ ನಾಲ್ಕು ಸರಿಯಾದರೆ ಮಾತು ಕಲಿಸುವ ಹೊಸ ತರಬೇತಿಗೆ ಸೇರಿಸಿಕೊಳ್ಳುತ್ತಿದ್ದರು, ಇಲ್ಲವಾದರೆ ಮನೆಗೆ. ದರ್ಜಿಗೆ ಮೂರು ಬಂದಿದ್ದವು.

"ನಿಧಾನವಾಗಿ ನೋಡಿ ಯಜಮಾನ್ರೇ." ಡಾಕ್ಟರಮ್ಮ ಚಿತ್ರವನ್ನು ಅವರ ಎಡಕ್ಕೆ, ಚೆನ್ನಾಗಿ ಕಾಣುವ ಕಡೆಗೆ ಸರಿಸಿದರು. ಒಂದೇ ಸಲ ಕೇಳಬೇಕೆಂಬ ನಿಯಮವಿದ್ದರೂ ಇನ್ನೊಮ್ಮೆ ಕೇಳಿದರು.

"ಹೆಂಗಸರು." ಈ ಸಲ ದನಿಯಲ್ಲಿ ಸ್ವಲ್ಪ ಸಿಡುಕಿತ್ತು.

ಡಾಕ್ಟರಮ್ಮ ಒಲ್ಲದ ಮನಸ್ಸಿನಿಂದ ಸೊನ್ನೆ ಬರೆದು, ದರ್ಜಿಯ ಪಕ್ಕ ಕೂತಿದ್ದ ಹೆಂಡತಿಯತ್ತ ತಿರುಗಿದರು. "ಬೇಜಾರು ಮಾಡ್ಕೋಬೇಡಿ ಅಮ್ಮ. ಕೇಳಿದ್ದು ಅವರಿಗೆ ಅರ್ಥ ಆಗ್ತಿಲ್ಲ ಅನ್ಸುತ್ತೆ."

"ಅರ್ಥ ಆಗ್ದೇ ಏನು? ಬಾಯಿ ಹೋದ್ಮೇಲೆ ಕಣ್ಣಲ್ಲೇ ಬೈಯೋದು ಕಲ್ತಿದಾರೆ," ಎಂದರು ದರ್ಜಿಯ ಹೆಂಡತಿ. "ಕೊಡಿ ಇಲ್ಲಿ."

ಗಂಡ ಹೊಲಿದ ಅಂಗಿಗಳಿಗೆ ನಲವತ್ತು ವರ್ಷ ಗುಂಡಿ ತೂರಿಸುವ ಕಾಜ ಹಾಕಿದ ಕೈ ಅದು. ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು, ನಕ್ಕರು.

"ಡಾಕ್ಟ್ರಮ್ಮ, ಗುಂಡಿ ಯಾವ ಕಡೆ ಇದೆ?"

"ಗುಂಡೀನಾ?"

"ಗಂಡಸರ ಅಂಗೀಲಿ ತೊಟ್ಟವರ ಬಲಕ್ಕೆ ಗುಂಡಿ, ಎಡಕ್ಕೆ ಕಾಜ. ಹೆಂಗಸರದ್ದು ಅದಲುಬದಲು. ನಿಮ್ಮ ಕೋಟೇ ನೋಡ್ಕೊಳ್ಳಿ."

ಡಾಕ್ಟರಮ್ಮ ಬಗ್ಗಿ ತಮ್ಮ ಬಿಳಿ ಕೋಟು ನೋಡಿಕೊಂಡರು. ಆಮೇಲೆ ಚಿತ್ರ ನೋಡಿದರು. ಅಚ್ಚು ಹಾಕುವಾಗ ಅದು ಕನ್ನಡಿಯಲ್ಲಿ ಕಂಡಂತೆ ತಿರುಗಿಹೋಗಿತ್ತು.

"ಇನ್ನೂರು ಜನಕ್ಕೆ ತೋರ್ಸಿದೀವಿ. ನಮ್ಮ ದೊಡ್ಡ ಡಾಕ್ಟ್ರೂ ನೋಡಿದಾರೆ."

"ಅವರೇನು ದರ್ಜಿಯೇ, ಪಾಪ," ಎಂದರು ಹೆಂಡತಿ.

ಡಾಕ್ಟರಮ್ಮ ಸೊನ್ನೆಯ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಒಂದು ಎಂದು ಬರೆದು ಸಹಿ ಹಾಕಿದರು. ಮೂರು ನಾಲ್ಕಾಯಿತು. ಕೆಳಗಿನ ಖಾಲಿ ಜಾಗದಲ್ಲಿ ಮತ್ತೇನೋ ಬರೆದರು.

"ಸೋಮವಾರದಿಂದ ತರಬೇತಿಗೆ ಬನ್ನಿ ಯಜಮಾನ್ರೇ."

"ಅದೇನು ಬರೆದ್ರಿ ಕೆಳಗೆ? ಜೋರಾಗಿ ಓದಿ, ಇವರಿಗೂ ಕೇಳಲಿ."

ಡಾಕ್ಟರಮ್ಮ ಎದ್ದು ನಿಂತೇ ಓದಿದರು. "ರೋಗಿಯ ಉತ್ತರ ಸರಿ. ಚಿತ್ರ ತಪ್ಪು."

"ಇನ್ನೊಂದು ಸಲ," ಎಂದರು ದರ್ಜಿ.