ಉಲ್ಟಾ ತಿರುಪಿನ ವಾಲ್ವ್

ಹಿತ್ತಿಲ ಗಿಡಗಳಿಗೆ ನೀರು ಬಿಡುವ ವಾಲ್ವ್ ಕೆಟ್ಟಾಗ, ನಮ್ಮವರು ತಮ್ಮ ವರ್ಕ್‌ಶಾಪಿನ ಲೇತಿನಲ್ಲೇ ಹಿತ್ತಾಳೆಯ ತಿರುಪು ಕಡೆದು ಕೂರಿಸಿದರು. ಆತುರದಲ್ಲಿ ಅದರ ಸುತ್ತು ಉಲ್ಟಾ ಕೊರೆದುಬಿಟ್ಟಿದ್ದರು. ಎಲ್ಲರ ಮನೆಯ ನಲ್ಲಿ ಎಡಕ್ಕೆ ತಿರುಗಿಸಿದರೆ ತೆರೆಯುತ್ತದೆ, ಇದು ಬಲಕ್ಕೆ.

"ಇರಲಿ ಬಿಡೇ, ಗುಟ್ಟು ನಮ್ಮಿಬ್ಬರಿಗೇ ಗೊತ್ತಿರಲಿ," ಎಂದು ನಕ್ಕರು.

ಬಂದವರೆಲ್ಲ ಎಡಕ್ಕೇ ತಿರುಚಿ ಸೋಲುವುದು ನಮಗೊಂದು ತಮಾಷೆಯಾಗಿತ್ತು.

ಮಗಳ ಊರಲ್ಲಿ ಬಾಣಂತನ ಮುಗಿಸಿ ನಾನು ಮನೆಗೆ ಬಂದ ಮರುದಿನ, ಅವರ ವರ್ಕ್‌ಶಾಪಿನಲ್ಲಿ ಕೆಲಸಕ್ಕಿರುವ ಹೆಂಗಸು ಮಾತಾಡಿಸಲು ಬಂದಳು.

"ನಿಮ್ಮನೆ ಹುಡುಕೋಷ್ಟರಲ್ಲಿ ಸಾಕಾಯ್ತು ಅಕ್ಕಾ. ಬರ್ತಿರೋದು ಇದೇ ಮೊದಲು ನೋಡಿ."

"ಬಾರಮ್ಮ, ಹಿತ್ತಿಲು ನೋಡುವೆಯಂತೆ."

"ಅಯ್ಯೋ, ಕನಕಾಂಬರ ಬಾಡಿದೆ! ನೀರು ಬಿಡ್ಲಾ?"

"ಬಿಡು, ನೋಡೋಣ," ಎಂದು ನಗು ತಡೆದುಕೊಂಡು ನಿಂತೆ.

ಮೊಮ್ಮಗುವಿನ ಹೆಸರೇನೆಂದು ಕೇಳುತ್ತಲೇ ಅವಳು ಬಗ್ಗಿ, ವಾಲ್ವನ್ನು ನೇರ ಬಲಕ್ಕೆ ತಿರುಗಿಸಿದಳು.