ಅಂಗಾತ ಬಿದ್ದ ಹೆಸರು

ಕುಸ್ತಿ ಪಂದ್ಯದ ಪೋಸ್ಟರ್ ಊರಿನ ಗೋಡೆಗಳ ಮೇಲೆಲ್ಲ ಮೆರೆಯುತ್ತಿತ್ತು. ಅದರಲ್ಲಿ ಚಿತ್ರವೇ ಇರಲಿಲ್ಲ, ಬರೀ ಅಕ್ಷರ. ಒಬ್ಬ ಪೈಲ್ವಾನನ ಹೆಸರು ತೊಡೆ ತಟ್ಟಿ ನಿಂತಿದ್ದರೆ, ಇನ್ನೊಬ್ಬನ ಹೆಸರು ಅದರಡಿ ಅಂಗಾತ ಬಿದ್ದಿತ್ತು.

ಅದನ್ನು ಮಾಡಿದ ತರುಣನ ಅಂಗಡಿಗೆ ಮುದುಕನೊಬ್ಬ ಬಂದ. ಬೆರಳೆಲ್ಲ ಸೊಟ್ಟಗಾಗಿದ್ದ ಬಲಗೈಯನ್ನು ಪೋಸ್ಟರಿನ ಮೇಲಿಟ್ಟು, “ಇದು ನನ್ನ ವರಸೆ ಕಣಪ್ಪಾ. ಮೂಲೇಲಿ ನನ್ನ ಹೆಸರೂ ಒಂದು ಹಾಕಬಾರದಿತ್ತಾ?” ಎಂದ.

ತರುಣ ಮುಖ ಗಂಟಿಕ್ಕಿದ. “ನಿಮ್ಮ ಹಳೇ ಪೋಸ್ಟರ್ ನೋಡಿದ್ದೆ, ನಿಜ. ಆದ್ರೆ ಇದನ್ನ ಕಂಪ್ಯೂಟರಲ್ಲಿ ಕೂತು ಮಾಡಿದೋನು ನಾನು. ಒಂದೊಂದು ಅಕ್ಷರಾನೂ ನಂದೇ.”

“ಆ ಹಳೇದ್ರಲ್ಲಿ ನಾನೂ ಈಗ ಇಲ್ಲಿ ಬಿದ್ದಿರೋನ ಗರಡಿಯ ಪೈಲ್ವಾನನ ಹೆಸರನ್ನೇ ಹೀಗೆ ಕೆಳಗೆ ಮಲಗಿಸಿದ್ದೆ. ಆ ಗರಡಿಯೋರು ಬಂದು, ಈ ಕೈನ ಕಲ್ಲಿನ ಮೇಲಿಟ್ಟು ಜಜ್ಜಿದ್ರು.”

ತರುಣ ನಕ್ಕುಬಿಟ್ಟ. ಅಷ್ಟರಲ್ಲೇ ಬಾಗಿಲ ಗಾಜು ಪುಡಿಪುಡಿಯಾಗಿ, ದೊಣ್ಣೆ ಹಿಡಿದ ನಾಲ್ಕಾರು ಜನ ಒಳನುಗ್ಗಿದರು. ಒಬ್ಬ ತರುಣನ ಕುತ್ತಿಗೆ ಹಿಡಿದು ಗೋಡೆಗೆ ಅಪ್ಪಳಿಸಿದ. ಮೂಗಿನಿಂದ ರಕ್ತ ಸುರಿಯಿತು.

“ನಮ್ಮ ಪೈಲ್ವಾನನ ಹೆಸರು ನೆಲಕ್ಕೆ ಕೆಡವಿದೋನು ಯಾವನೋ?”

“ಇವ್ರು!” ತರುಣ ಮುದುಕನತ್ತ ಬೆರಳು ಚಾಚಿ ಕಿರುಚಿದ. “ಆ ಅಕ್ಷರ ಎಲ್ಲಾ ಇವರದ್ದೇ!”

ದೊಣ್ಣೆಯವನು ಮುದುಕನ ಗುರುತು ಹಿಡಿದ. ಸೊಟ್ಟ ಬೆರಳುಗಳನ್ನು ನೋಡಿ ಹುಬ್ಬೇರಿಸಿದ.

“ಈ ಕೈಲಾ ಬರೆದೆ?”

ಮುದುಕ ತರುಣನ ಕಡೆ ಒಮ್ಮೆ ನೋಡಿ, ಎಡಗೈಯನ್ನು ಮೇಜಿನ ಮೇಲೆ ಚಾಚಿ ಇಟ್ಟ.

“ಅಲ್ಲ, ಇದ್ರಲ್ಲಿ.”